ನೀರು ಮಾತ್ರ

ಜೂನ್ 3, ಮಂಗಳವಾರ
7.42ರ ಲೋಕಲ್ ರೈಲು ತಪ್ಪಿತು. ಕಲ್ಯಾಣದಿಂದ ಡೊಂಬಿವಲಿಗೆ ನಿಂತೇ ಪ್ರಯಾಣ. ಹತ್ತು ನಿಮಿಷ ತಡ. ತಾರಾನಾಥರ ಮುಖ ಹರಳೆಣ್ಣೆ ಕುಡಿದ ಹಾಗೆ. ನಮ್ಮ ಫ್ಯಾಕ್ಟರಿಯ ಸೇಫ್ಟಿ ಆಫೀಸರ್, ಉಡುಪಿಯವರೇ. ಊರಿನವಳೆಂದು ರಿಯಾಯಿತಿ ಏನಿಲ್ಲ!

ಎರಡನೇ ಶೆಡ್‌ಗೆ ಹೊಸ ಡ್ರಮ್‌ಗಳು ಬಂದಿವೆ. ನೀರು ತಾಗಿದರೆ ಸಿಡಿಯುವ ಮಾಲು. ಅಲ್ಲಿ ದುಡಿಯುವವರೆಲ್ಲ ರಾಯಚೂರು, ಕಲಬುರಗಿ ಕಡೆಯವರು. ಮರಾಠಿ ಬೋರ್ಡ್ ಅವರಿಗೆ ತಿಳಿಯದು. ಹಾಗಾಗಿ ಕನ್ನಡ ಬೋರ್ಡ್ ಟೈಪ್ ಮಾಡುವುದು ನನ್ನ ಪಾಲಿಗೆ. ಓಬೀರಾಯನ ಕಾಲದ ಕಂಪ್ಯೂಟರ್. ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಟೈಪ್ ಮಾಡಿದೆ: ‘ಹೊಗೆ ಕಂಡರೆ ನೀರು ಬೇಡ. ಮರಳು ಹಾಕಿ.’

ಜೂನ್ 5, ಗುರುವಾರ, ಸಂಜೆ
ಹೊರಡುವ ಹೊತ್ತಿಗೆ ತಾರಾನಾಥರು ಪ್ರಿಂಟ್ ಹಿಡಿದು ಬಂದರು. “ಇದು ಚಪ್ಪೆ ಆಯ್ತು ಮಾರಾಯ್ರೆ. ‘ನೀರು ಮಾತ್ರ ಬೇಡ’ ಅಂತ ಮಾಡಿ. ಈಗ್ಲೇ ಲ್ಯಾಮಿನೇಷನ್‌ಗೆ ಕೊಡ್ಲಿಕ್ಕುಂಟು.”

ಒಂದು ಪದಕ್ಕೆ ಎಷ್ಟು ಹೊತ್ತು? ಸ್ಕ್ರೋಲ್ ಲಾಕ್, ‘ಮಾತ್ರ’, ಒಂದು ಸ್ಪೇಸ್. ಮುಂದೆ ‘ರಳು’ ಎಂದು ಏನೋ ಕಸ ಉಳಿದಿತ್ತು. ಅಳಿಸಿದೆ. ಬ್ಯಾಗ್ ಹೆಗಲಿಗೇರಿಸಿಕೊಂಡೇ ಪ್ರಿಂಟ್ ಕೊಟ್ಟೆ. ಓದದೆ ಸಹಿ ಹಾಕಿದರು. ನನ್ನ ಕನ್ನಡದ ಮೇಲೆ ಅಷ್ಟು ನಂಬಿಕೆ.

ಜೂನ್ 11, ಬುಧವಾರ
ಗೇಟಿನಲ್ಲಿ ಹುಲಗಪ್ಪ ಸಿಕ್ಕಿದ. ಎರಡನೇ ಶೆಡ್‌ನ ಲೋಡರ್. “ಅಕ್ಕೋರೆ, ನಿಮ್ ಬೋರ್ಡ್ ಭಾಳ ಚೊಲೋ ಆಗ್ಯದ್ರಿ. ನಮ್ ಮಂದಿಗಿ ಓದ್ಲಿಕ್ಕಿ ಬರಲ್ಲ, ನಾನೇ ದಿನಾ ಓದಿ ಹೇಳ್ತೀನಿ. ಈಗ ಎಲ್ಲರಿಗೂ ಬಾಯಿಪಾಠ.”

ಖುಷಿಯಾಯಿತು. ಇಷ್ಟು ವರ್ಷದಲ್ಲಿ ನನ್ನ ಟೈಪಿಂಗ್ ಹೊಗಳಿದ ಮೊದಲ ಮನುಷ್ಯ.

ಜೂನ್ 14, ಶನಿವಾರ
ಕ್ಯಾಂಟೀನ್ ನೋಟಿಸ್ ತಿದ್ದುತ್ತಿದ್ದೆ. ಹೊಸ ಅಕ್ಷರ ಒತ್ತಿದಂತೆ ಮುಂದಿನ ಅಕ್ಷರ ಮಾಯ. ತೆರೆಯ ಕೆಳಗೆ ‘ಓವಿಆರ್’. ಓವರ್‌ಟೈಪ್. ಸ್ಕ್ರೋಲ್ ಲಾಕ್ ಒತ್ತಲು ಹೋಗಿ ಬೆರಳು ಕೆಳಗಿನ ಇನ್ಸರ್ಟ್ ಕೀಲಿಗೂ ತಾಗಿದೆ. ಇನ್ಸರ್ಟ್ ತಾಗಿದರೆ ಸೇರಿಸುವುದಿಲ್ಲ, ನುಂಗುತ್ತದೆ.

ಅವತ್ತು ಅಳಿಸಿದ ಆ ‘ರಳು’. ಅಯ್ಯೋ... ಮರಳು!

ಫೈಲ್ ತೆರೆದೆ. ‘ಹೊಗೆ ಕಂಡರೆ ನೀರು ಮಾತ್ರ ಹಾಕಿ.’

ಓಡಿಹೋಗಿ ತಾರಾನಾಥರಿಗೆ ತೋರಿಸಿದೆ. ಬಾಗಿಲು ಹಾಕಿದರು. “ಬಾಯಿ ಬಿಡ್ಬೇಡಿ. ಸಹಿ ನಂದುಂಟು. ಈಗ ತೆಗೆದ್ರೆ ಹತ್ತು ಜನ ಕೇಳ್ತಾರೆ. ಸೋಮವಾರ ಮೆಲ್ಲ ಬದ್ಲು ಮಾಡುವ.”

ತಲೆಯಾಡಿಸಿದೆ. ನನಗೂ ನೌಕರಿ ಬೇಕು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಜೂನ್ 15, ಭಾನುವಾರ, ಮಧ್ಯಾಹ್ನ 2.50
ನೌಕರಿ ಹೋದರೆ ಹೋಗಲಿ. ಹುಲಗಪ್ಪನಿಗೆ ಫೋನ್ ಮಾಡಿದೆ. ಇವತ್ತೂ ಅವನಿಗೆ ಡ್ಯೂಟಿ. ಬೋರ್ಡ್ ತಪ್ಪು, ನೀರು ಹಾಕಲೇಬೇಡ ಎಂದೆ. ನಕ್ಕ. “ಛಾಪಿಸಿದ್ದು ಸುಳ್ಳಾಗ್ತದೇನ್ರಿ ಅಕ್ಕೋರೆ? ಸಾಹೇಬ್ರ ಸಹಿ ಅದ. ಅವ್ರು ಹೇಳ್ಲಿ, ಆಗ ಬಿಡ್ತೀವಿ.”

ತಾರಾನಾಥರ ಫೋನ್ ಸ್ವಿಚ್ಡ್ ಆಫ್. ನಾನೇ ಹೋಗಿ ಬೋರ್ಡ್ ಕೀಳುತ್ತೇನೆ.

3.05
ಚಪ್ಪಲಿ ಹಾಕಿಕೊಂಡು ನಿಂತಿದ್ದೇನೆ. ರಿಕ್ಷಾ ಇನ್ನೂ ಬಂದಿಲ್ಲ. ಕಾಯುತ್ತಲೇ ಬರೆಯುತ್ತಿದ್ದೇನೆ. ಹುಲಗಪ್ಪನ ಫೋನ್. ಸ್ಪೀಕರ್ ಹಾಕಿದೆ. ಹಿಂದೆ ಸೈರನ್. “ಅಕ್ಕೋರೆ, ಖರೇ ಹೇಳ್ರಿ, ನೀರು ಹಾಕ್ಬೇಕೋ ಬ್ಯಾಡೋ?”

ಬೇಡ, ಬೇಡ ಎಂದು ಕಿರುಚಿದೆ. ಅತ್ತ ಯಾರೋ ಆಗಲೇ ನೀರು ಸುರಿದ ಸದ್ದು; ಮರುಕ್ಷಣ ಫೋನ್ ಕಟ್.