ಹತ್ತೊಂಬತ್ತು ವರ್ಷದ ಹೂಂ

ಮಂಗಳವಾರ, ಮಾರ್ಚ್ ೧೧

ಮನೋವೈದ್ಯರ ಎದುರು ಇಂದು ನನ್ನ ಮಾನ ಹರಾಜಾಯಿತು.

"ಮಾತ್ರೆ ಯಾಕೆ ಡಾಕ್ಟ್ರೇ? ರಾತ್ರಿ ನಾನು ಪ್ರಾರ್ಥನೆ ಹೇಳ್ತೀನಿ, ಇವಳು ಹೂಂಗುಡ್ತಾಳೆ, ಭಯ ಓಡಿಹೋಗುತ್ತೆ" ಎಂದು ಬೀಗಿದೆ.

ಹೆಂಡತಿ ಕೈಚೀಲದ ಜಿಪ್ಪು ಎಳೆಯುತ್ತಾ, "ಮಗಳು ತೀರಿಹೋಗಿ ಹತ್ತೊಂಬತ್ತು ವರ್ಷ, ಆಗಿಂದ ನನಗೆ ದೇವರ ಮೇಲೆ ನಂಬಿಕೆ ಇಲ್ಲ ಡಾಕ್ಟ್ರೇ. ಇವರಿಗೆ ನಿದ್ದೆ ಬರ್ಲಿ ಅಂತ ಹೂಂ ಅಂತೀನಿ" ಎಂದಳು.

ಹತ್ತೊಂಬತ್ತು ವರ್ಷ! ದೇವರು ಕೈಕೊಟ್ಟಿದ್ದರೆ ಸಹಿಸುತ್ತಿದ್ದೆ, ಆತನಿಗೆ ಅದು ರೂಢಿ. ಇವಳೂ ಕೈಕೊಟ್ಟಳಲ್ಲ! ಅಷ್ಟು ವರ್ಷ ನಾನೊಬ್ಬನೇ ಗೋಡೆಗೆ ಹರಿಕಥೆ ಹೇಳಿದಂತಾಯಿತು.

ಸಿಟ್ಟಿಗೆ ಈಗ ಪ್ರಾರ್ಥನೆ ಬಿಟ್ಟಿದ್ದೇನೆ. ಎದೆ ಡವಡವ ಎನ್ನುತ್ತಿದೆ. ಹಾಸಿಗೆಯಿಂದ ಅವಳ ದನಿ:

"ಬರೆದಿದ್ದು ಸಾಕು, ಶುರು ಮಾಡಿ. ಹೂಂ ಅನ್ನದೆ ನಂಗೂ ನಿದ್ದೆ ಬರಲ್ಲ."

ದ್ರೋಹಿ. ಇವಳನ್ನು ಪಕ್ಕದಲ್ಲಿಟ್ಟುಕೊಂಡು ದೇವರಿಗೆ ಯಾವ ಮುಖ ತೋರಿಸಲಿ? ಇರಲಿ, ಪೆನ್ನು ಮುಚ್ಚಿ ಶುರು ಮಾಡುತ್ತೇನೆ.