ಉಣ್ಣೆ ಕುರಿಯ ಬೆನ್ನಿನ ಗುರುತು

ಬಿಷ್ಕೆಕ್ ಆಸ್ಪತ್ರೆ

ಅತ್ತೆಮ್ಮನಿಗೆ ಸಲಾಂ. ಎಡಗೈ ಬರಹ, ಬೈಯಬೇಡಿ. ಕೈಗೆ ವ್ಯಾಯಾಮವೆಂದು ಇಲ್ಲಿ ನಮ್ಮಿಂದ ಉಣ್ಣೆಯ ಗೊಂಬೆ ಮಾಡಿಸುತ್ತಾರೆ. ನೀವು ಕಂಬಳಿ ಮಾಡುವಾಗಿನಂತೆ ಉಣ್ಣೆಗೆ ಬಿಸಿನೀರು ಹಾಕುವುದಿಲ್ಲ, ಉರುಳಿಸುವುದೂ ಇಲ್ಲ. ಸೂಜಿಯಲ್ಲಿ ಚುಚ್ಚಿ ಚುಚ್ಚಿಯೇ ಉಣ್ಣೆ ಗಟ್ಟಿ ಮಾಡುತ್ತಾರೆ. ವಾರ್ಡಿನ ಆರು ಹೆಂಗಸರಿಗೂ ಲಕ್ವ ಹೊಡೆದಿದೆ. ಹಾಗಾಗಿ ಒಬ್ಬಳು ಹಿಡಿದರೆ ಇನ್ನೊಬ್ಬಳು ಚುಚ್ಚಬೇಕು. ನಿನ್ನೆ ಉಣ್ಣೆಯ ಕುರಿಗೊಂಬೆ ಮಾಡುವಾಗ ಪಕ್ಕದ ಹಾಸಿಗೆಯ ಸೈರಾ ಕೈತಪ್ಪಿ ನನ್ನ ಸತ್ತ ಬಲಗೈ ಬೆರಳಿಗೇ ಚುಚ್ಚಿಬಿಟ್ಟಳು. "ಅಯ್ಯೋ!" ಅಂದೆ.

"ನೋವಾಯ್ತೇನೇ? ಇನ್ನೊಂದ್ಸಲ ಕೂಗೇ!" ಅಂತ ಅವಳೇ ಅತ್ತಳು. ಮೂರು ತಿಂಗಳ ಮೇಲೆ ಆ ಬೆರಳು ನೊಂದಿತು, ಅತ್ತೆಮ್ಮ.

ಕುದುರೆ ಹಾಲು ಕಳಿಸಬೇಡಿ, ಡಾಕ್ಟರು ಬಿಡುವುದಿಲ್ಲ. ಕುರಿಯನ್ನು ಊರಿನ ಬಸ್ಸಿಗೆ ಕೊಟ್ಟಿದ್ದೇನೆ. ಅದರ ಬೆನ್ನ ಮೇಲಿನ ನನ್ನ ಬೆರಳಿನ ರಕ್ತ ತೊಳೆಯಬೇಡಿ. ನಮ್ಮ ಮಂದೆಗೆ ನೀವು ಗುರುತಿಗೆಂದು ಕೆಂಪು ಬಳಿಯುವ ಜಾಗದಲ್ಲೇ ಬಿದ್ದಿದೆ.

ಬುರುಲ್