ಅತ್ತೆ ಹೊಗಳಿದ ಸೊಪ್ಪು

ಮನೆಯಿಂದ, ಅತ್ತೆಯ ಕೋಣೆಯ ಹೊಸಿಲ ಹೊರಗೆ
ಏಪ್ರಿಲ್ ೧೮, ಮಧ್ಯಾಹ್ನ

ಪ್ರೀತಿಯ ಇಂಜಿನಿಯರಮ್ಮನವರಿಗೆ,

ಸೊಂಟನೋವು ಹೇಗಿದೆ? ಬಿಸಿಲಿಗೆ ಟೊಪ್ಪಿಗೆ ಹಾಕಿಕೊಳ್ಳುತ್ತೀಯೋ, ಅಥವಾ ನಿನ್ನ ಸೇತುವೆಗೆ ನೀನೇ ನೆರಳಾಗಿ ನಿಂತಿದ್ದೀಯೋ? ಅಲ್ಲಿ ಫೋನು ಸಿಗುವುದೇ ಅಪರೂಪ. ಸಿಕ್ಕಾಗಲೂ ನಿಮ್ಮಮ್ಮ ನನ್ನ ಕೈಯಿಂದ ಕಸಿದುಕೊಂಡು, "ನಾನು ಗುಂಡುಕಲ್ಲಿನ ಹಾಗಿದ್ದೀನಿ, ನೀನು ಕೆಲಸ ಮುಗಿಸಿಕೊಂಡೇ ಬಾ" ಎಂದು ಇಟ್ಟುಬಿಡುತ್ತಾರೆ. ಆದ್ದರಿಂದ ಎಂದಿನಂತೆ, ನಿಮ್ಮ ಸೈಟಿಗೆ ಸಾಮಾನು ಒಯ್ಯುವ ವ್ಯಾನಿನ ಡ್ರೈವರಣ್ಣನ ಕೈಯಲ್ಲಿ ಈ ಕಾಗದ.

ಅತ್ತೆಯ ಗಂಟಲ ರೋಗ ನೋಡಿದ ಡಾಕ್ಟರು, ಏನಾದರೂ ನುಂಗುತ್ತಿರುವವರೆಗೆ ಭಯವಿಲ್ಲ ಎಂದಿದ್ದರಲ್ಲ. ಅದಕ್ಕೇ ತಾನೇ ನೀನು ಹೊರಡುವಾಗ ಲೆಟ್ಯೂಸ್ ಬೀಜದ ಪೊಟ್ಟಣ ನನ್ನ ಕೈಗಿಟ್ಟು, ಮೆತ್ತಗಿನ ಸೊಪ್ಪು, ಇದಾದರೂ ಇಳಿಯಲಿ ಎಂದದ್ದು. ಆ ಸೊಪ್ಪಿಗಾಗಿ ನಾನು ಪಟ್ಟ ಪಾಡು ದರ್ಜಿಗಳ ಇತಿಹಾಸದಲ್ಲೇ ಇಲ್ಲ. ನಮ್ಮ ಸೆಕೆಯಲ್ಲಿ ಮೊಳೆಯುವುದಕ್ಕೂ ಅದು ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ ಮಲಗಿಸಿದೆ. ಮೊಳೆತವನ್ನು ಬಾಲ್ಕನಿಗೆ ತಂದರೆ ಹನ್ನೊಂದು ಗಂಟೆಗೆಲ್ಲ ಮೂರ್ಛೆ. ಗಿರಾಕಿಯೊಬ್ಬರ ಕೋಟಿಗೆ ತಂದಿದ್ದ ಅಸ್ತರ್ ಬಟ್ಟೆಯಲ್ಲಿ ಚಪ್ಪರ ಹೊಲಿದೆ. ಗಿರಾಕಿ ಹೋದರು, ಗಿಡದ ಮೂರ್ಛೆ ಹೋಗಲಿಲ್ಲ. ಕೊನೆಗೆ ಎ.ಸಿ. ಇರುವ ಒಂದೇ ಕೋಣೆಯ ಬಾಗಿಲಲ್ಲಿ ಕುಂಡ ಹೊತ್ತು ನಿಂತೆ. "ಅಳಿಯಂದಿರಿಗೆ ಜಾಗ ಇಲ್ಲ, ಸೊಪ್ಪಿಗೆ ಇದೆ" ಎಂದು ಅತ್ತೆ ಕಿಟಕಿಯ ಕಟ್ಟೆ ಮಂಜೂರು ಮಾಡಿದ್ದು ನಿನಗೆ ಬರೆದಿದ್ದೆ.

ದಿನಾ ಬೆಳಿಗ್ಗೆ ಹೊರಗಿನ ಒಂದೆರಡು ಎಲೆ ಕಿತ್ತು, ತಣ್ಣೀರಲ್ಲಿ ತೊಳೆದು, ತಟ್ಟೆಯಲ್ಲಿಟ್ಟು ಹೊರಗೆ ಬರಬೇಕು. ನಿಲ್ಲುವಂತಿಲ್ಲ. "ನೀವು ಹೀಗೆ ನೋಡ್ತಾ ನಿಂತ್ರೆ ನಾನು ಮೇಕೆ ಅನ್ನಿಸಿಬಿಡುತ್ತೆ" ಎನ್ನುತ್ತಾರೆ. ಮತ್ತೆ ಹೋದಾಗ ತಟ್ಟೆ ಖಾಲಿ, ವಿಮರ್ಶೆ ಸಿದ್ಧ: ಉಪ್ಪಿಲ್ಲ, ಹುಳಿಯಿಲ್ಲ, ಥೇಟ್ ನಿಮ್ಮ ಮಾತಿನ ಹಾಗೇ. ದಿನಾ ತಿಂದರೂ ಮೈ ಹತ್ತುತ್ತಿಲ್ಲ. ಕೈಗೆ ಕಟ್ಟಿಕೊಂಡ ಮಾವನ ಗಡಿಯಾರ ಮೊಣಕೈವರೆಗೆ ಜಾರುತ್ತದೆ. ಈ ಬೇಸಿಗೆಯಲ್ಲೂ ಚಳಿಯಂತೆ, ನಾನಿಲ್ಲದಾಗ ಎ.ಸಿ. ಆರಿಸಿಬಿಡುತ್ತಾರೆ. ಅದಕ್ಕೋ ಏನೋ, ಈ ವಾರ ಗಿಡದ ನಡುವಿನಿಂದ ದಂಟೊಂದು ಸರ್ರನೆ ಎದ್ದು ಹೂ ಬಿಡಲು ನಿಂತಿದೆ.

ಈಗ ಮುಖ್ಯ ವಾರ್ತೆ. ಇಂದು ಬೆಳಿಗ್ಗೆ ನಿಮ್ಮಮ್ಮ, "ಇವತ್ತಿಂದು ಎಲ್ಲಕ್ಕಿಂತ ಸಿಹಿ. ನಿಮ್ಮ ಕೈಗುಣ ಒಳ್ಳೇದು" ಎಂದರು. ಮದುವೆಯಾದಾಗಿನಿಂದ ನನಗೆ ಸಂದ ಮೊದಲ ಹೊಗಳಿಕೆ. ಚೌಕಟ್ಟು ಹಾಕಿಸೋಣವೆಂದಿದ್ದೇನೆ.

ಅತ್ತೆಯ ಆಶೀರ್ವಾದ, ಹೊಲಿಗೆ ಯಂತ್ರದ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಕೈಗುಣವುಳ್ಳ ದರ್ಜಿ

ತಾ.ಕ.: ಡ್ರೈವರಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸುವ ಮೊದಲು, ಅತ್ತೆ ಹೊಗಳಿದ ಗಿಡದಿಂದಲೇ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಕಡುಕಹಿ, ಉಗುಳಬೇಕಾಯಿತು. ದಂಟು ಎದ್ದರೆ ಹಾಗೇ ಆಗುತ್ತದಂತೆ. ಮತ್ತೆ ಸಿಹಿ ಎಂದರೇಕೆ? ಒಳಗೆ ಹೋದೆ, ನಿದ್ದೆಯಲ್ಲಿದ್ದರು. ದಿಂಬಿನ ಗವುಸು ನಾನೇ ಹೊಲಿದದ್ದು. ಒಂದು ಮಗ್ಗುಲಲ್ಲಿ ಹೊಲಿಗೆ ಬಿಚ್ಚಿತ್ತು. ಒಳಗೆ ಬರೀ ಎಲೆ. ಒಣಗಿ ಪುಡಿಯಾದದ್ದು, ಬಾಡಿದ್ದು, ಇವತ್ತಿನದು. ಒಂದಕ್ಕೂ ಹಲ್ಲು ತಾಗಿಲ್ಲ. ತಿನ್ನುತ್ತಿದ್ದಾರೆ ಎಂದು ನಾನು ವಾರವಾರ ನಿನಗೆ ಬರೆದದ್ದೆಲ್ಲ ಆ ದಿಂಬಿನಲ್ಲಿದೆ. ಡಾಕ್ಟರ ಮಾತು ನಿನಗೆ ನೆನಪಿದೆ. ಸೇತುವೆಯನ್ನು ಇನ್ಯಾರಾದರೂ ಮುಗಿಸಲಿ, ಇದೇ ವ್ಯಾನಿನಲ್ಲಿ ಕೂತು ಬಂದುಬಿಡು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಬಿಚ್ಚಿದ್ದನ್ನು ಹೊಲಿಯೋಣವೆಂದು ಸೂಜಿಗೆ ದಾರ ಪೋಣಿಸಿದ್ದೆ, ಬಿಟ್ಟೆ. ನಾಳೆಯ ಎಲೆಗೆ ಜಾಗ ಬೇಕಲ್ಲ.